ವರನಿಗೊಂದು ಕಾಲಂ, ವಧುವಿಗೊಂದು ಕಾಲಂ

(ಓದುಗರ ಪ್ರಶ್ನೆಗೆ ನಿವೃತ್ತ ಉಪನೋಂದಣಾಧಿಕಾರಿಯ ಉತ್ತರ)

ಈ ಅಂಕಣಕ್ಕೆ ಬರೋದು ಸಾಮಾನ್ಯವಾಗಿ ಖಾತೆ, ಪೋಡಿ, ಪಾಲುಪಟ್ಟಿ, ಇಂಥ ಪ್ರಶ್ನೆಗಳು. ಹೋದ ತಿಂಗಳು ವಿಲ್ ಬಗ್ಗೆ ಬರೆಯುವಾಗ ಕೊನೆಗೆ ಒಂದು ಸಾಲು ಸೇರಿಸಿದ್ದೆ. ಮದುವೆಯಾಗಲು ಕಾನೂನು ಬಿಡದ ಗಂಡು-ಗಂಡು, ಹೆಣ್ಣು-ಹೆಣ್ಣು ಜೋಡಿಗಳು ವಿಲ್ ಬರೆದಿಡೋದು ಇನ್ನೂ ಮುಖ್ಯ ಅಂತ. ಆ ಒಂದು ಸಾಲಿಗೆ ಹದಿನಾಲ್ಕು ಪತ್ರ ಬಂದಿವೆ. ಪೋಡಿಗೂ ಇಷ್ಟು ಬಂದಿರಲಿಲ್ಲ. ಬೈದು ಬರೆದ ಐದನ್ನು ಓದಿ ಎತ್ತಿಟ್ಟಿದ್ದೇನೆ. ಮೂರಕ್ಕೆ ಇಲ್ಲಿ ಉತ್ತರ.

ಪ್ರಶ್ನೆ: ಮಗಳಿಗೆ 27 ವರ್ಷ. ಬೆಂಗಳೂರಿನಲ್ಲಿ ಕೆಲಸ. ಇನ್ನೊಬ್ಬ ಹುಡುಗಿ ಜೊತೆ ಮನೆ ಮಾಡಿದ್ದಾಳೆ. ಗೌರಿ ಹಬ್ಬಕ್ಕೆ ಬಂದವಳು, ನಾವಿಬ್ಬರೂ ಮದುವೆ ಆಗ್ತೀವಿ ಅಂದಳು. ರಿಜಿಸ್ಟರ್ ಆಗುತ್ತಾ? ನಮ್ಮಣ್ಣ ಪೊಲೀಸ್ ಕಂಪ್ಲೇಂಟ್ ಕೊಡೋಣ, ಇಲ್ಲಾಂದ್ರೆ ಡಾಕ್ಟರಿಗೆ ತೋರಿಸೋಣ ಅಂತಾರೆ.
– ಹೆಸರು ಬೇಡ, ಸಕಲೇಶಪುರ ತಾಲ್ಲೂಕು

ಉತ್ತರ: ರಿಜಿಸ್ಟರ್ ಆಗಲ್ಲಮ್ಮ. ಸದ್ಯಕ್ಕೆ ಉತ್ತರ ಅಷ್ಟೇ. 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಇದನ್ನು ತೀರ್ಮಾನಿಸಿತು. ಮದುವೆ ಮೂಲಭೂತ ಹಕ್ಕಲ್ಲ, 1954ರ ವಿಶೇಷ ವಿವಾಹ ಕಾಯ್ದೆಯನ್ನು ತಿದ್ದುವುದು ನಮ್ಮ ಕೆಲಸವಲ್ಲ, ಸಂಸತ್ತಿನದು ಅಂತ ಐವರೂ ಹೇಳಿದರು. ಮದುವೆ ಅಂತ ಬೇಡ, ಜೋಡಿ ಅಂತಲಾದರೂ ಸರ್ಕಾರ ಗುರುತಿಸಬೇಕಾ ಅನ್ನುವಲ್ಲಿ ಮಾತ್ರ ಪೀಠ ಒಡೆಯಿತು. ಹೌದು ಅಂದವರು ಆಗಿನ ಮುಖ್ಯ ನ್ಯಾಯಮೂರ್ತಿ ಚಂದ್ರಚೂಡ್ ಮತ್ತು ನ್ಯಾಯಮೂರ್ತಿ ಕೌಲ್. ಉಳಿದ ಮೂವರು ಒಪ್ಪಲಿಲ್ಲ. ಮರುಪರಿಶೀಲನೆ ಕೇಳಿದ ಅರ್ಜಿಗಳೂ 2025ರ ಜನವರಿಯಲ್ಲಿ ವಜಾ ಆದವು.

ತೀರ್ಪು ಬಂದ ದಿನ ನನಗೆ ಬೇಜಾರಾಯಿತು. ಆಶ್ಚರ್ಯ ಆಗಲಿಲ್ಲ. ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಆ ಕಾಯ್ದೆ ಹಿಡಿದುಕೊಂಡೇ ವರ್ಷಗಟ್ಟಲೆ ಮದುವೆ ಮಾಡಿಸಿದವಳು ನಾನು. ಅದರಲ್ಲಿ ಗಂಡಿಗೆ 21, ಹೆಣ್ಣಿಗೆ 18. ಯಾರು ಯಾರನ್ನು ಆಗಬಾರದು ಅನ್ನೋ ಪಟ್ಟಿಯೇ ಗಂಡಿಗೊಂದು, ಹೆಣ್ಣಿಗೊಂದು. ಜೀವನಾಂಶ ಹೆಂಡತಿಗೆ. ಸರ್ಟಿಫಿಕೇಟಿನ ಕೆಳಗೆ ಸಹಿ ಮಾಡುವ ಜಾಗದಲ್ಲಿ ವರ ಅಂತ ಒಂದು ಕಡೆ, ವಧು ಅಂತ ಒಂದು ಕಡೆ. ಒಂದು ಎಳೆ ಎಳೆದರೆ ಇಡೀ ಸೀರೆ ಬಿಚ್ಚಿಕೊಳ್ಳುತ್ತೆ ಅಂತ ಕೋರ್ಟು ಹಿಂದೆ ಸರಿಯಿತು.

2006ರ ಮಳೆಗಾಲ. ನಾನಾಗ ಹಾಸನ ಜಿಲ್ಲೆಯಲ್ಲಿದ್ದೆ. ಮಧ್ಯಾಹ್ನ ಊಟಕ್ಕೆ ಏಳಬೇಕು, ಇಬ್ಬರು ಹೆಂಗಸರು ಬಂದರು. ಒಬ್ಬಳು ನರ್ಸ್, ಇನ್ನೊಬ್ಬಳು ಗಾರ್ಮೆಂಟ್ಸ್ ಕೆಲಸದವಳು. ಮದುವೆ ನೋಟಿಸಿನ ಫಾರಂ ಮುಂದಿಟ್ಟು, “ಮೇಡಂ, ನಮ್ಮಲ್ಲಿ ಒಬ್ಬರು ವರ ಅಂತ ಬರೆದರೆ ಆಗುತ್ತಾ?” ಅಂತ ಕೇಳಿದರು. ನಾನು ತಲೆ ಎತ್ತಲೂ ಇಲ್ಲ. “ಆಗಲ್ಲ” ಅಂದೆ. ಬಾಗಿಲಲ್ಲಿ ನಿಂತಿದ್ದ ಜವಾನ ನಕ್ಕ. ನಾನು ಅವನನ್ನು ಗದರಲಿಲ್ಲ. ಆಗ ಇಂಥ ಸಂಬಂಧವನ್ನೇ ಅಪರಾಧ ಅನ್ನುತ್ತಿದ್ದ 377ನೇ ಕಲಂ ಇನ್ನೂ ಇತ್ತು. ಸುಪ್ರೀಂ ಕೋರ್ಟು ಅದರ ಹಲ್ಲು ಕಿತ್ತದ್ದು 2018ರ ಸೆಪ್ಟೆಂಬರ್ 6ಕ್ಕೆ. ಅಂಥ ಕಾಲದಲ್ಲಿ ಸರ್ಕಾರಿ ಕಚೇರಿಗೆ ಬಂದು ಹಾಗೆ ಕೇಳಬೇಕಾದರೆ ಎಷ್ಟು ಗುಂಡಿಗೆ ಬೇಕು ಅನ್ನೋದು ನನಗೆ ಹೊಳೆದದ್ದು ಎಷ್ಟೋ ವರ್ಷ ಕಳೆದ ಮೇಲೆ. ಅವರು ಫಾರಂ ವಾಪಸ್ ಕೊಡಲಿಲ್ಲ. ನಾಲ್ಕು ಮಡಿಕೆ ಮಾಡಿ ಟಿಫಿನ್ ಬ್ಯಾಗಿಗೆ ಹಾಕಿಕೊಂಡರು. ಇದ್ದದ್ದು ಒಂದೇ ಕೊಡೆ, ಇಬ್ಬರೂ ಅದರಡಿ ಹೋದರು.

ನಿಮ್ಮಣ್ಣನ ವಿಷಯ. ಮಗಳಿಗೆ 27. ಪೊಲೀಸರು ಹೋಗಿ “ನಿನ್ನಿಷ್ಟದಿಂದ ಇದ್ದೀಯಾ?” ಅಂತ ಕೇಳಬಹುದು. ಹೌದು ಅಂದರೆ ಅಲ್ಲಿಗೆ ಮುಗಿಯಿತು. ಇಂಥ ಕೇಸು ಕೋರ್ಟಿಗೆ ಬಂದರೆ ಕೌನ್ಸೆಲಿಂಗ್ ಹೆಸರಲ್ಲಿ ಅವರ ಮನಸ್ಸು ತಿರುಗಿಸಲು ಹೋಗಬೇಡಿ ಅಂತ ಸುಪ್ರೀಂ ಕೋರ್ಟು 2024ರ ಮಾರ್ಚ್‌ನಲ್ಲಿ ಹೈಕೋರ್ಟುಗಳಿಗೇ ಹೇಳಿದೆ. ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಮಾಡುವುದೂ ಏನಿಲ್ಲ. ಇದನ್ನು “ಸರಿ ಮಾಡ್ತೀನಿ” ಅಂತ ಚಿಕಿತ್ಸೆ ಕೊಡುವುದು ವೃತ್ತಿಗೆ ತಕ್ಕದ್ದಲ್ಲದ ನಡತೆ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. ಸುಮ್ನೆ ದುಡ್ಡು ದಂಡ, ಮಗಳೂ ದೂರ.

ಇನ್ನೊಂದು. ಪತ್ರದ ಎರಡನೇ ಪುಟದಲ್ಲಿ ನೀವು ಒಂದು ಸಾಲು ಬರೆದು ಹೊಡೆದು ಹಾಕಿದ್ದೀರಿ. ಕಿಟಕಿ ಬೆಳಕಿಗೆ ಹಿಡಿದರೆ ಓದಲು ಬರುತ್ತೆ. “ಆ ಹುಡುಗಿ ಒಳ್ಳೆಯವಳೇ” ಅಂತಿದೆ.

ಪ್ರಶ್ನೆ: ಮದುವೆ ಸಂಸ್ಕಾರ, ಕರಾರಲ್ಲ. ಸಂತಾನಕ್ಕಾಗಿ ಗೃಹಸ್ಥಾಶ್ರಮ. ಎಲ್ಲ ಧರ್ಮದವರೂ ಇದು ಬೇಡ ಅಂತಿದ್ದಾರೆ. ಪಟ್ಟಣದ ಶೋಕಿ ಇದು. ನಾಳೆ ಕಾನೂನು ಬಂದು, ಮದುವೆ ಮಾಡಿಸಲ್ಲ ಅಂದ ನಮ್ಮ ಅರ್ಚಕರ ಮೇಲೆ ಕೇಸು ಹಾಕಿದರೆ ಗತಿಯೇನು?
– ನಿವೃತ್ತ ಉಪಾಧ್ಯಾಯ, ಕೊಪ್ಪ ತಾಲ್ಲೂಕು

ಉತ್ತರ: ಮೇಷ್ಟ್ರೇ, ಬೈಯದೆ ವಾದ ಮಾಡಿದ್ದೀರಿ. ಅದಕ್ಕೇ ನಿಮಗೆ ಜಾಸ್ತಿ ಜಾಗ.

ಧರ್ಮದವರು ಬೇಡ ಅಂತಾರೆ ಅನ್ನೋದು ಬಹುಮಟ್ಟಿಗೆ ನಿಜ. ಕೋರ್ಟಿನಲ್ಲಿ ಕೇಂದ್ರ ಸರ್ಕಾರ ವಿರೋಧಿಸಿತು, ಜಮೀಯತ್ ಉಲಮಾ-ಎ-ಹಿಂದ್ ಕೂಡ ವಿರೋಧಿಸಿತು. ಬೇರೆ ವಿಷಯಕ್ಕೆ ಒಂದೇ ಜಗಲಿ ಮೇಲೆ ಕೂರದವರು ಇದಕ್ಕೆ ಕೂತರು. ಕ್ಯಾಥೊಲಿಕ್ ಚರ್ಚು 2023ರ ಡಿಸೆಂಬರ್‌ನಲ್ಲಿ ಒಂದು ಹೆಜ್ಜೆ ಇಟ್ಟಿತು. ಇಂಥ ಜೋಡಿ ಬಂದು ಕೇಳಿದರೆ ಪಾದ್ರಿ ಆಶೀರ್ವಾದ ಮಾಡಬಹುದು, ಆದರೆ ಅದು ಮದುವೆ ತರ ಕಾಣಬಾರದು ಅಂದಿತು. ಮದುವೆ ಮಾತ್ರ ಗಂಡು-ಹೆಣ್ಣಿಗೇ.

ಮದುವೆ ಸಂಸ್ಕಾರ ಅನ್ನೋದನ್ನೂ ಒಪ್ಪಿದೆ. ನಿಮ್ಮ ಪರವಾಗಿ ನಾನೇ ಒಂದು ತೀರ್ಪು ಕೊಡ್ತೀನಿ, ಇಟ್ಟುಕೊಳ್ಳಿ. ಶಾಸ್ತ್ರ ನಡೆಯದೆ ಬರೀ ಸರ್ಟಿಫಿಕೇಟ್ ಮಾಡಿಸಿದರೆ ಅದು ಹಿಂದೂ ಮದುವೆ ಆಗಲ್ಲ ಅಂತ 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಧಾರೆ ಎರೆಯಬೇಕು, ಸಪ್ತಪದಿ ತುಳಿಯಬೇಕು, ಅವರವರ ಪದ್ಧತಿ ಏನಿದೆಯೋ ಅದು ಆಗಬೇಕು. ಸರಿ, ಅದು 1955ರ ಹಿಂದೂ ವಿವಾಹ ಕಾಯ್ದೆಯ ಮಾತು.

ನನ್ನ ಮೇಜಿನ ಮೇಲಿದ್ದ ವಿಶೇಷ ವಿವಾಹ ಕಾಯ್ದೆ ಬೇರೆ. ಅಲ್ಲಿ ಧಾರೆಯೂ ಇಲ್ಲ, ಅಕ್ಷತೆಯೂ ಇಲ್ಲ. ನೋಟಿಸ್ ಬೋರ್ಡಿಗೆ ಅಂಟಿಸಬೇಕು, ಮೂವತ್ತು ದಿನ ಕಾಯಬೇಕು. (ಆ ಮೂವತ್ತು ದಿನದಲ್ಲಿ ಸಂಬಂಧವೇ ಇಲ್ಲದವರು ಬಂದು ಫೋಟೊ ಹೊಡೆದುಕೊಂಡು ಹೋಗಿ ಏನೇನು ಮಾಡಿದ್ದಾರೆ ಅನ್ನೋದು ಇನ್ನೊಂದು ಅಂಕಣದ ಕತೆ.) ಆಮೇಲೆ ಮೂವರು ಸಾಕ್ಷಿಗಳ ಎದುರು ಒಬ್ಬರಿಗೊಬ್ಬರು ಒಂದೇ ಒಂದು ವಾಕ್ಯ ಹೇಳಬೇಕು. ನಾನು ಇಂಥವನು, ಇಂಥವಳನ್ನು ಕಾನೂನುಬದ್ಧ ಹೆಂಡತಿಯಾಗಿ ಸ್ವೀಕರಿಸುತ್ತೇನೆ ಅಂತ. ಗೊತ್ತಿರುವ ಯಾವ ಭಾಷೆಯಲ್ಲಾದರೂ ಸೈ. ಅರಸೀಕೆರೆ ಕಡೆಯ ಒಬ್ಬ ಹುಡುಗ ಆ ಒಂದು ವಾಕ್ಯಕ್ಕೆ ಮೂರು ಸಲ ತಡವರಿಸಿ, ಕೊನೆಗೆ “ಇವಳೇ ಮೇಡಂ” ಅಂದುಬಿಟ್ಟ. ಇನ್ನೊಂದು ಸಲ ಪೂರ್ತಿ ಹೇಳಿಸಿದೆ. ಆ ವಾಕ್ಯದಲ್ಲಿ ದೇವರ ಹೆಸರಿಲ್ಲ, ಜಾತಿ ಇಲ್ಲ, ಮಕ್ಕಳ ಮಾತೂ ಇಲ್ಲ.

ಮಕ್ಕಳ ಮಾತು ಬಂತಲ್ಲ. 67 ವರ್ಷದ ಒಬ್ಬರು, 61 ವರ್ಷದ ಒಬ್ಬರು, ಇಬ್ಬರೂ ಸಂಗಾತಿ ಕಳೆದುಕೊಂಡವರು, ನನ್ನ ಎದುರು ಮದುವೆಯಾದರು. ಮೊಮ್ಮಗಳು ಕ್ಯಾಡ್ಬರಿ ಹಂಚಿದಳು. ಸಂತಾನದ ಉದ್ದೇಶ ಇದೆಯಾ ಅಂತ ಕೇಳುವ ಕಾಲಂ ಫಾರಂನಲ್ಲಿ ಇರಲಿಲ್ಲ. ಇದ್ದಿದ್ದರೂ ನನಗೆ ಕೇಳಲು ಬಾಯಿ ಬರುತ್ತಿರಲಿಲ್ಲ. ನಿಮಗೆ ಬರುತ್ತಿತ್ತಾ?

ಅರ್ಚಕರ ಭಯ ಬಿಡಿ. ಇಂಗ್ಲೆಂಡ್ 2013ರಲ್ಲಿ ಕಾನೂನು ಮಾಡಿದಾಗ, ಒಲ್ಲೆ ಅನ್ನುವ ಯಾವ ಚರ್ಚನ್ನೂ ಬಲವಂತ ಮಾಡುವಂತಿಲ್ಲ ಅಂತ ಆ ಕಾನೂನಿನಲ್ಲೇ ಬರೆದರು. ಚರ್ಚ್ ಆಫ್ ಇಂಗ್ಲೆಂಡ್ ಇವತ್ತಿಗೂ ಅಂಥ ಮದುವೆ ಮಾಡಿಸಲ್ಲ, ಪಕ್ಕದ ರಿಜಿಸ್ಟರ್ ಆಫೀಸು ಮಾಡಿಸುತ್ತೆ. ತೈವಾನ್ 2019ರಿಂದ, ಥಾಯ್ಲೆಂಡ್ 2025ರ ಜನವರಿಯಿಂದ ಇಂಥ ಮದುವೆ ಬರೆದುಕೊಳ್ಳುತ್ತಿವೆ. ಪಕ್ಕದ ನೇಪಾಳದಲ್ಲೇ ಮೊದಲನೆಯದು 2023ರ ನವೆಂಬರ್‌ನಲ್ಲಿ ನೋಂದಣಿ ಆಯಿತು. ನಮ್ಮಲ್ಲಿ ಅರ್ಜಿದಾರರು ಜಾಸ್ತಿ ಒತ್ತಿ ಕೇಳಿದ್ದೂ ವಿಶೇಷ ವಿವಾಹ ಕಾಯ್ದೆಯ ಬಾಗಿಲನ್ನೇ.

ಇನ್ನು ನನ್ನ ಕಡೆಯವರಿಗೂ ಒಂದು ಮಾತು. ಬೇಲೂರಿನ ಮೋಹಿನಿ ಕಂಬ ನೋಡಿ, ಹರಿಹರನ ನೋಡಿ, ನಮ್ಮ ಧರ್ಮ ಎಲ್ಲ ಒಪ್ಪಿದೆ ಅಂತ ಇಬ್ಬರು ಬರೆದಿದ್ದಾರೆ. ಬೇಡ. ಹಳೇಬೀಡಿನ ಗೋಡೆ ತುಂಬ ಯುದ್ಧವೂ ಇದೆ, ಅದನ್ನು ನೋಡಿ ಕಾನೂನು ಮಾಡ್ತೀವಾ? ಶಿಲ್ಪ ನೋಡಲು ಹೋಗಿ, ಕೋರ್ಟಿಗೆ ಎಳೆಯಬೇಡಿ.

ಮೇಷ್ಟ್ರೇ, ನಿಮ್ಮದೇ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ ಕುವೆಂಪು ಪುರೋಹಿತರಿಲ್ಲದ ಮಂತ್ರ ಮಾಂಗಲ್ಯ ಹೇಳಿಕೊಟ್ಟರು. ನಮ್ಮ ಚಿಕ್ಕಪ್ಪನೊಬ್ಬರು ಹಾಗೆ ಮದುವೆಯಾದಾಗ, ವಾಲಗ ಇಲ್ಲ, ಭಟ್ಟರಿಲ್ಲ, ಇದೂ ಒಂದು ಮದುವೆಯಾ ಅಂತ ಅಜ್ಜಿ ಊಟಕ್ಕೇ ಬರಲಿಲ್ಲ. ವರ್ಷ ಕಳೆಯುವುದರೊಳಗೆ ಅದೇ ಸೊಸೆ ಕೈಯ ಕಡುಬು ಬೇಕಾಯಿತು. ತಮಿಳುನಾಡು ಇನ್ನೂ ಮುಂದೆ ಹೋಗಿ, 1967ರಲ್ಲಿ ಹಿಂದೂ ವಿವಾಹ ಕಾಯ್ದೆಗೇ ಒಂದು ಕಲಂ ಸೇರಿಸಿತು. ನೆಂಟರು, ಸ್ನೇಹಿತರ ಎದುರು ಒಬ್ಬರನ್ನೊಬ್ಬರು ಒಪ್ಪಿ ಹಾರ ಬದಲಿಸಿದರೂ ಮದುವೆಯೇ ಅಂತ. ಅದನ್ನು ಮಾಡಿದ್ದು ಕೋರ್ಟಲ್ಲ, ಶಾಸನಸಭೆ. ಹಾಗಾಗಿ ಇದನ್ನು ಸಂಸತ್ತೇ ಮಾಡಬೇಕು ಅನ್ನುವಲ್ಲಿ ನಿಮಗೂ ನನಗೂ ಜಗಳವಿಲ್ಲ. ಅವರು ಮಾಡಲ್ಲ ಬಿಡು ಅಂತ ನಿಮಗೆ ನೆಮ್ಮದಿ. ಯಾವಾಗ ಮಾಡ್ತಾರೆ ಅಂತ ನನ್ನ ತಕರಾರು.

ಪಟ್ಟಣದ ಶೋಕಿ ಅಂದಿರಿ. ಕೇಂದ್ರ ಸರ್ಕಾರವೂ ಹಾಗೇ ಅಂದಿತ್ತು. ಇದು ನಗರದ್ದೂ ಅಲ್ಲ, ಶ್ರೀಮಂತರದ್ದೂ ಅಲ್ಲ ಅಂತ ಮುಖ್ಯ ನ್ಯಾಯಮೂರ್ತಿ ತೀರ್ಪಿನಲ್ಲೇ ಬರೆದರು. ನಾನು ಹೆಚ್ಚೇನು ಹೇಳಲಿ, ಮುಂದಿನ ಪತ್ರ ಓದಿ.

ಪ್ರಶ್ನೆ: ನಾವಿಬ್ಬರೂ ಗಂಡಸರು. ಹನ್ನೊಂದು ವರ್ಷದಿಂದ ಒಟ್ಟಿಗಿದ್ದೇವೆ. ನಾಲ್ಕು ಎಕರೆ ಕಾಫಿ ನನ್ನ ಹೆಸರಲ್ಲಿದೆ. ಅದರ ಅರ್ಧ ದುಡಿಮೆ ಅವನದು. ಅಮ್ಮ ಇದ್ದಾರೆ, ಒಬ್ಬ ತಮ್ಮ ಇದ್ದಾನೆ. ಪ್ರವಚನ ಬೇಡ ಮೇಡಂ, ಯಾವ ಕಾಗದ ಮಾಡಿಸಬೇಕು ಹೇಳಿ.
– ಮೂಡಿಗೆರೆ ಕಡೆಯವನು

ಉತ್ತರ: ನೀವು ಏನೂ ಬರೆಯದೆ ಹೋದರೆ ತೋಟ ಅಮ್ಮನಿಗೆ. ಅಪ್ಪ, ಅಮ್ಮ ಇಬ್ಬರೂ ಇಲ್ಲದಿದ್ದರೆ ತಮ್ಮನಿಗೆ. ಹನ್ನೊಂದು ವರ್ಷ ಮೆಣಸಿನ ಬಳ್ಳಿ ಕಟ್ಟಿದವನಿಗೆ ಒಂದು ಗಿಡವೂ ಇಲ್ಲ. ಇದೇ ಗಂಡ-ಹೆಂಡತಿ ಆಗಿದ್ದರೆ ಅಮ್ಮನ ಜೊತೆ ಅವರಿಗೂ ಸಮಪಾಲು ಬರುತ್ತಿತ್ತು.

ಆದ್ದರಿಂದ ಮೊದಲು ವಿಲ್. ಸ್ಟಾಂಪ್ ಪೇಪರ್ ಬೇಡ, ಬಿಳಿ ಹಾಳೆ ಸಾಕು. ಇಬ್ಬರು ಸಾಕ್ಷಿಗಳು ನೀವು ಸಹಿ ಹಾಕೋದನ್ನು ಕಣ್ಣಾರೆ ನೋಡಿ ಸಹಿ ಹಾಕಬೇಕು. ಅವನನ್ನೇ ಸಾಕ್ಷಿ ಮಾಡಬೇಡಿ, ನಾಳೆ ಅನುಮಾನಕ್ಕೆ ದಾರಿ. ನೋಂದಣಿ ಕಡ್ಡಾಯವಲ್ಲ, ಆದರೂ ಮಾಡಿಸಿ. ಊರಿಗೆಲ್ಲ ಗೊತ್ತಾಗುತ್ತೆ ಅನ್ನೋ ಅಂಜಿಕೆ ಬೇಡ. ನೀವು ಬದುಕಿರುವವರೆಗೆ ನೋಂದಾಯಿಸಿದ ವಿಲ್‌ನ ನಕಲನ್ನು ನಿಮಗೆ ಅಥವಾ ನಿಮ್ಮ ಏಜೆಂಟರಿಗೆ ಬಿಟ್ಟು ಬೇರೆಯವರಿಗೆ ಕೊಡುವಂತಿಲ್ಲ. ಅದಕ್ಕೂ ಮನಸ್ಸಿಲ್ಲದಿದ್ದರೆ ಲಕೋಟೆಗೆ ಸೀಲ್ ಹಾಕಿ ಜಿಲ್ಲಾ ನೋಂದಣಾಧಿಕಾರಿ ಹತ್ತಿರ ಠೇವಣಿ ಇಡಬಹುದು. ಈ ಸೌಲಭ್ಯ ಬಳಸಿದವರನ್ನು ನಾನು ನೋಡಿದ್ದೇ ಕಮ್ಮಿ.

ಜಮೀನು ನಿಮ್ಮ ಸ್ವಂತ ಸಂಪಾದನೆಯಾ, ಪಿತ್ರಾರ್ಜಿತವಾ, ದರಖಾಸ್ತಿನದಾ (ಸರ್ಕಾರ ಮಂಜೂರು ಮಾಡಿದ್ದಾ) ಅಂತ ನೀವು ಬರೆದಿಲ್ಲ. ಪಿತ್ರಾರ್ಜಿತವಾದರೆ ನಿಮ್ಮ ಪಾಲಿಗೆ ಮಾತ್ರ ವಿಲ್. ದರಖಾಸ್ತಿನದಾದರೆ ಮಂಜೂರಾತಿ ಷರತ್ತು ಮೊದಲು ನೋಡಿ.

ದಾನಪತ್ರ ಮಾಡಿಕೊಡ್ತೀನಿ ಅನ್ನಬೇಡಿ. ಕುಟುಂಬದವರಿಗಾದರೆ ಸ್ಟಾಂಪ್ ಶುಲ್ಕ ಕಮ್ಮಿ. ಅವನು ಕಾನೂನಿನ ಕಣ್ಣಿಗೆ ಹೊರಗಿನವನು, ಮಾರಾಟದಷ್ಟೇ ಶುಲ್ಕ ಬೀಳುತ್ತೆ. ಹಣ ಕೊಡುವಾಗಲೂ ಹುಷಾರು. ಅವನಿಗೆ ವರ್ಷದಲ್ಲಿ ಬಂದ ಉಡುಗೊರೆ 50,000 ರೂಪಾಯಿ ದಾಟಿದರೆ ಅದು ಅವನ ಆದಾಯ ಅಂತ ತೆರಿಗೆ ಲೆಕ್ಕಕ್ಕೆ ಹೋಗುತ್ತೆ. ಗಂಡ-ಹೆಂಡತಿಗೆ ಈ ತಾಪತ್ರಯ ಇಲ್ಲ. ವಿಲ್ ಮೂಲಕ ಬಂದರೆ ಆ ತೆರಿಗೆಯೂ ಇಲ್ಲ.

ಬ್ಯಾಂಕಿನಲ್ಲಿ ಜಂಟಿ ಖಾತೆ ಮಾಡಿಸಿ, ಅವನನ್ನು ನಾಮಿನಿ ಮಾಡಿ. ಇದಕ್ಕೆ ಯಾವ ಅಡ್ಡಿಯೂ ಇಲ್ಲ ಅಂತ ಕೇಂದ್ರ ಹಣಕಾಸು ಸಚಿವಾಲಯ 2024ರ ಆಗಸ್ಟ್‌ನಲ್ಲಿ ಬರೆದು ತಿಳಿಸಿದೆ. ಕೌಂಟರಿನಲ್ಲಿ ಹುಬ್ಬು ಹಾರಿಸಿದರೆ ಮ್ಯಾನೇಜರಿಗೆ ಅದನ್ನೇ ಹೇಳಿ. ಆದರೆ ನಾಮಿನಿ ಅಂದರೆ ದುಡ್ಡು ಕೈಗೆ ಬರುತ್ತೆ ಅಷ್ಟೇ, ವಾರಸುದಾರ ಅಂತಲ್ಲ. ಆ ಖಾತೆಯನ್ನೂ ವಿಲ್‌ನಲ್ಲಿ ಸೇರಿಸಿ. ರೇಷನ್ ಕಾರ್ಡಿಗೂ ಇಂಥ ಜೋಡಿಯನ್ನು ಒಂದೇ ಮನೆ ಅಂತ ಪರಿಗಣಿಸಿ ಅಂತ ಕೇಂದ್ರ ರಾಜ್ಯಗಳಿಗೆ ಹೇಳಿದೆ.

ಆಸ್ಪತ್ರೆಯದ್ದೇ ಕಷ್ಟ. ಪ್ರಜ್ಞೆ ಇರುವವರೆಗೆ ನಿಮ್ಮ ಸಹಿ ನೀವೇ ಹಾಕಬಹುದು. ಇಲ್ಲದಾಗ ಡಾಕ್ಟರು ಸಂಬಂಧಿಕರನ್ನೇ ಹುಡುಕ್ತಾರೆ. ಅಮ್ಮನಿಗೆ ಇವನು ಯಾರು ಅಂತ ಗೊತ್ತಿದೆಯಾ? ಗೊತ್ತಿದ್ದರೆ ಫೋನ್ ನಂಬರಿನ ಚೀಟಿಯಲ್ಲಿ ಅಮ್ಮನ ನಂಬರ್ ಕೆಳಗೆ ಅವನದ್ದೂ ಇರಲಿ.

ಸಾಕ್ಷಿಗೆ ಯಾರನ್ನು ಕರೆಯೋದು, ಊರಲ್ಲಿ ಯಾರಿಗೂ ಹೇಳಿಲ್ಲ ಅಂತ ಪತ್ರದ ಅಂಚಿನಲ್ಲಿ ಬರೆದಿದ್ದೀರಿ. ಒಬ್ಬರನ್ನು ನೀವು ಹುಡುಕಿ. ಇನ್ನೊಬ್ಬಳು ನಾನಾಗ್ತೀನಿ. ಚಿಕ್ಕಮಗಳೂರಿಗೆ ಬರುವ ಮುಂಚೆ ಪತ್ರಿಕೆಗೆ ಒಂದು ಕಾರ್ಡು ಹಾಕಿ. ಸಂತೆ ದಿನ ಬೇಡ, ಬಸ್ಸು ರಶ್ ಇರುತ್ತೆ. ಆಧಾರ್ ಕಾರ್ಡು, ಪಹಣಿ ಮರೆಯಬೇಡಿ.