ದೊಡ್ಡ ಕರುಳಲ್ಲಿ 6 ಮಿ.ಮೀ. ಪಾಲಿಪ್ (ಒಳಪದರದಲ್ಲಿ ಬೆಳೆಯೋ ಚಿಕ್ಕ ಗಂಟು) ಇದೆಯಂತೆ. ತೆಗೆಸಬೇಕಾ, ವರ್ಷಕ್ಕೊಮ್ಮೆ ನೋಡಿಸ್ತಾ ಇದ್ದರೆ ಸಾಕಾ?

ಇದೇ ಲೆಕ್ಕಾಚಾರದಲ್ಲಿ ತಿಂಗಳುಗಟ್ಟಲೆ ಕಳೆದವನು ನಾನು. ನಂದು 7 ಮಿ.ಮೀ. ಇತ್ತು. ಮಲದಲ್ಲಿ ರಕ್ತ ಕಂಡಿತು ಅಂತ ಕೊಲೊನೊಸ್ಕೋಪಿಗೆ, ಅಂದರೆ ಗುದದ್ವಾರದಿಂದ ಕ್ಯಾಮೆರಾ ಕೊಳವೆ ಬಿಟ್ಟು ದೊಡ್ಡ ಕರುಳು ನೋಡೋ ಪರೀಕ್ಷೆಗೆ, ಹೋಗಿದ್ದೆ (ರಕ್ತ ಬಂದದ್ದು ಮೂಲವ್ಯಾಧಿಯಿಂದ, ಅದು ಬೇರೆ ಕಥೆ). ಅಲ್ಲಿ ಕೊಟ್ಟ ಕಾಗದಕ್ಕೆ ಓದದೇ ಸೈನ್ ಹಾಕಿದೆ. ಒಪ್ಪಿಗೆ ಇದ್ದದ್ದು ಬರೀ ಪರೀಕ್ಷೆಗೆ. ಏನಾದರೂ ಸಿಕ್ಕರೆ ತೆಗೆಯೋಕೆ ಬೇರೆ ಸೈನು, ಬೇರೆ ದುಡ್ಡು. ನನಗೋ ಮಂಪರಿನ ಇಂಜೆಕ್ಷನ್ ಕೊಟ್ಟಾಗಿತ್ತು. ಡಾಕ್ಟರು ಹೊರಗೆ ಬಂದು ಹೆಂಡತಿ, ಬಾಮೈದನನ್ನ ಕೇಳಿದ್ದಾರೆ: "ಒಳಗೆ ಚಿಕ್ಕ ಗಂಟಿದೆ, ತೆಗೆದುಬಿಡಲಾ?" ಇಬ್ಬರಿಗೂ ಕೈಕಾಲೇ ಆಡಿಲ್ಲ. "ಅವರು ಏಳಲಿ ಸಾರ್, ಮನೇಲಿ ಮಾತಾಡಿ ಹೇಳ್ತೀವಿ" ಅಂದಿದ್ದಾರೆ. ಅವರದ್ದೇನೂ ತಪ್ಪಿಲ್ಲ. "ಏನಿದ್ದರೂ ತೆಗೀಲಿ" ಅಂತ ನಾನೇ ಹೇಳಿ ಹೋಗಬೇಕಿತ್ತು. ಆ ಒಂದು ಮಾತು ಹೇಳದ್ದಕ್ಕೆ ಕರುಳು ಖಾಲಿ ಮಾಡೋ ತಯಾರಿ ಎಲ್ಲ ಮತ್ತೆ ಮೊದಲಿಂದ: ಸೊಪ್ಪು, ರಾಗಿ, ಬೀಜದ ಹಣ್ಣು ಬಂದ್, ಉಪ್ಪುಪ್ಪು ನಿಂಬೆ ವಾಸನೆಯ ಪೌಡರ್ ಕಲಸಿದ ಎರಡು ಲೀಟರ್ ನೀರು, ಅರ್ಧ ರಾತ್ರಿಗೆ, ಉಳಿದರ್ಧ ನಸುಕಿಗೆ, ಪಾಯಿಖಾನೆಯಲ್ಲೇ ಬಿಡಾರ. ಮತ್ತೆ ರಜೆ, ಮತ್ತೆ ಬಿಲ್ಲು.

ತೆಗೆದದ್ದು ಹೇಗೆ ಅಂತೀರಾ? ಅದೇ ಕೊಳವೆಯೊಳಗಿಂದ ತೆಳು ತಂತಿಯ ಕುಣಿಕೆ ಬಿಟ್ಟು, ಬುಡಕ್ಕೆ ಹಾಕಿ ಬಿಗಿದರು, ಕಿತ್ತು ಬಂತು. ಕರೆಂಟ್ ಕೊಟ್ಟು ಸುಡಲೂ ಇಲ್ಲ. ಕರುಳಿನ ಒಳಪದರಕ್ಕೆ ಕತ್ತರಿಸಿದ ನೋವು ಗೊತ್ತಾಗಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ವರ್ಷಕ್ಕೊಮ್ಮೆ ನೋಡಿಸೋದು ಅಂದರೆ ವರ್ಷಕ್ಕೊಮ್ಮೆ ಆ ಪೌಡರ್ ಕುಡಿಯೋದು. ಕಷ್ಟ ಇರೋದೇ ಅದರಲ್ಲಿ. ಮೇಲಾಗಿ ಗಂಟು ಯಾವ ಜಾತಿಯದು ಅಂತ ಖಚಿತವಾಗೋದು ಅದನ್ನ ತೆಗೆದು ಲ್ಯಾಬಿನಲ್ಲಿ ನೋಡಿದಾಗ (ಬಯಾಪ್ಸಿ). ಹೈಪರ್‌ಪ್ಲಾಸ್ಟಿಕ್ ಅನ್ನೋ ಜಾತಿ ಆದರೆ ಸಾಮಾನ್ಯವಾಗಿ ಭಯವಿಲ್ಲ. ಅಡೆನೋಮ ಅನ್ನೋದಾದರೆ ಮುಂದೆ ಕ್ಯಾನ್ಸರ್ ಆಗಬಹುದು. ಎಲ್ಲವೂ ಆಗಲ್ಲ, ಆಗೋದಕ್ಕೂ ಸಾಮಾನ್ಯವಾಗಿ ಹತ್ತು ವರ್ಷದ ಆಸುಪಾಸು ಹಿಡಿಯುತ್ತೆ. ಇವತ್ತು ರಾತ್ರಿ ನಿದ್ದೆಗೆಡಬೇಡಿ. ಗುದದ್ವಾರದ ಹತ್ತಿರ ಇರೋ, 5 ಮಿ.ಮೀ. ಮೀರದ ಗಂಟುಗಳನ್ನ ಕೆಲವೊಮ್ಮೆ ನೋಡಿ ಬಿಟ್ಟುಬಿಡೋದುಂಟು, ತೀರಾ ವಯಸ್ಸಾದವರಲ್ಲೂ ಅಷ್ಟೆ. ನಿಮ್ಮದು 6.

ಕಾಯೋದೇನಿದ್ದರೂ ತೆಗೆಸಿದ ಮೇಲೆ. ಅಮೆರಿಕದ 2020ರ ಮಾರ್ಗಸೂಚಿಯಲ್ಲಿ, 10 ಮಿ.ಮೀ.ಗಿಂತ ಚಿಕ್ಕದಾದ, ಸಾಮಾನ್ಯ ಬಗೆಯ (ಟ್ಯೂಬ್ಯುಲರ್) ಅಡೆನೋಮ ಒಂದೆರಡಿದ್ದು ಪೂರ್ತಿ ತೆಗೆದಿದ್ದರೆ ಮುಂದಿನ ಪರೀಕ್ಷೆ 7ರಿಂದ 10 ವರ್ಷಕ್ಕೆ. ಅಳತೆ 10 ಮುಟ್ಟಿದ್ದರೆ 3 ವರ್ಷಕ್ಕೇ.

ರಕ್ತ ತೆಳುವಾಗಿಸೋ ಮಾತ್ರೆ ತಗೋತಿದ್ದರೆ ಮೊದಲೇ ಹೇಳಿ, ನೀವಾಗೇ ನಿಲ್ಲಿಸಬೇಡಿ. ತೆಗೆದರೆ ಎಷ್ಟು, ಬಯಾಪ್ಸಿಗೆ ಎಷ್ಟು ಅಂತ ಕೌಂಟರಲ್ಲೇ ಕೇಳಿ, ಎರಡು ಸೈನೂ ಅಲ್ಲೇ ಮುಗಿಸಿ. ಬಯಾಪ್ಸಿ ರಿಪೋರ್ಟ್ ಕೆಲವು ದಿನ ಬಿಟ್ಟು ಬರುತ್ತೆ, ಮರೀದೆ ಹೋಗಿ ಇಸ್ಕೊಳ್ಳಿ. ಮುಂದೆ ಯಾವಾಗ ಬರಬೇಕು ಅಂತ ಡಾಕ್ಟರು ಹೇಳೋದು ಅದನ್ನ ನೋಡಿದ ಮೇಲೇ.