ಅಡಿಕೆ ಸುಲಿಯುವಾಗ ನಡುಗದ ಕೈ

ಪ್ರಶ್ನೆ: ಅಪ್ಪಯ್ಯನಿಗೆ 68 ವರ್ಷ. ಜಗಲಿ ಮೇಲೆ ಸುಮ್ನೆ ಕೂತಾಗ ಬಲಗೈ ನಡುಗುತ್ತದೆ. ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯಲು ಹಿಡಿದರೆ ನಡುಕ ಕಾಣುವುದಿಲ್ಲ, ಕೆಲಸ ಮಾತ್ರ ತುಂಬಾ ನಿಧಾನ. ಡಾಕ್ಟರು ಪಾರ್ಕಿನ್ಸನ್ ಅಂದರು, ಮೆದುಳಿನ ಕೋಶಗಳು ಸಾಯುತ್ತಿವೆಯಂತೆ. ಸತ್ತರೆ ಕೈ ಸುಮ್ಮನಾಗಬೇಕಲ್ವಾ, ನಡುಗೋದು ಯಾಕೆ? ಮನೆಯಲ್ಲಿ ಕೆಲವರು ಇದು ನಾಟಕ ಅಂತಾರೆ.
- ಓದುಗರು, ಶಿರಸಿ ತಾಲೂಕು

ಉತ್ತರ: ನಾಟಕ ಖಂಡಿತ ಅಲ್ಲ. ಕೈಗೆ ಕೆಲಸ ಇಲ್ಲದಾಗ ಸೆಕೆಂಡಿಗೆ 4ರಿಂದ 6 ಸಲ ನಡುಗುವುದು, ಕೆಲಸಕ್ಕೆ ಹಚ್ಚಿದಾಗ ಕಡಿಮೆಯಾಗುವುದು ಈ ಕಾಯಿಲೆಯ ಗುರುತೇ.

ಸಾಯುವುದು ಮೆದುಳಿನ ಬುಡದ ಹತ್ತಿರ, ಕಪ್ಪಗೆ ಕಾಣುವ ಒಂದು ಸಣ್ಣ ಜಾಗದಲ್ಲಿ ಡೋಪಮಿನ್ ಅನ್ನೋ ರಾಸಾಯನಿಕ ತಯಾರಿಸುವ ಕೋಶಗಳು. ಆ ಡೋಪಮಿನ್ ನಂಬಿಕೊಂಡಿದ್ದ ಬೇರೆ ಕೋಶಗಳು ಬದುಕೇ ಇರುತ್ತವೆ. ಗಲಾಟೆ ಅಲ್ಲಿ.

ನಿಮ್ಮನೆಯ ಅಡಿಕೆ ಸುಲಿಯೋ ರಾತ್ರಿ ನೆನಪಿಸಿಕೊಳ್ಳಿ. ಹತ್ತು ಜನ ಕೂತಿರುತ್ತಾರೆ, ಒಬ್ಬರ ಕೈ ಚುರುಕು, ಇನ್ನೊಬ್ಬರು ಕವಳ ಹಾಕುತ್ತಾ ನಿಧಾನ, ಮತ್ತೊಬ್ಬರು ಊರಿನ ಸುದ್ದಿ ಹೇಳುತ್ತಾ ಕೈಯಲ್ಲಿದ್ದ ಅಡಿಕೆಯನ್ನೇ ಮರೆತಿರುತ್ತಾರೆ, ಆದರೂ ರಾಶಿ ಕರಗುತ್ತದೆ. ಮೆದುಳಿನ ಕೋಶಗಳೂ ಹೀಗೇ ತಮ್ಮ ತಮ್ಮ ಲಯದಲ್ಲಿ ಮಿಡಿಯುತ್ತವೆ. ಡೋಪಮಿನ್ ಕಡಿಮೆಯಾದರೆ, ಚಲನೆ ನೋಡಿಕೊಳ್ಳುವ ಕೋಶಗಳು ಗುಂಪುಗುಂಪಾಗಿ ಒಟ್ಟಿಗೇ ಮಿಡಿಯತೊಡಗುತ್ತವೆ, ಸೆಕೆಂಡಿಗೆ 13ರಿಂದ 30 ಸಲ ಏಳುವ, ಬೀಟಾ ಅನ್ನೋ ವಿದ್ಯುತ್ ಅಲೆಗಳು ಜಾಸ್ತಿಯಾಗುತ್ತವೆ. ಹತ್ತೂ ಜನ ಒಂದೇ ತಾಳಕ್ಕೆ ಕೈ ಎತ್ತಿ ಇಳಿಸಿದ ಹಾಗೆ! ಅದರ ನಡುವೆ ಹೊಸ ಚಲನೆಯ ಸೂಚನೆ ನುಗ್ಗಲು ಜಾಗ ಸಿಗುವುದಿಲ್ಲ. ಅಪ್ಪಯ್ಯನ ಕೈ ನಿಧಾನವಾಗಿರುವುದಕ್ಕೆ, ಬಿಗಿಯಾಗುವುದಕ್ಕೆ ನಂಟಿರುವುದು ಈ ಅಲೆಗೆ. ನಡುಕದ ದಾರಿ ಸ್ವಲ್ಪ ಬೇರೆ, ಅದರಲ್ಲಿ ಕಿರುಮೆದುಳಿನದೂ ಪಾಲಿದೆ.

ಈ ಕಾಯಿಲೆಗೆ ಕೊಡುವ ಲೆವೊಡೋಪಾ ಮಾತ್ರೆ ಮೆದುಳು ಸೇರಿ ಡೋಪಮಿನ್ ಆಗುತ್ತದೆ, ಬೀಟಾ ಅಬ್ಬರ ತಗ್ಗುತ್ತದೆ, ಕೈ ಸಡಿಲವಾಗುತ್ತದೆ. ಸತ್ತ ಕೋಶ ಮಾತ್ರ ವಾಪಸ್ ಬರುವುದಿಲ್ಲ. ಹಾಗಾಗಿ ಇವತ್ತು ಆರಾಮಿದ್ದಾರೆ ಅಂತ ಮಾತ್ರೆ ತಪ್ಪಿಸಬೇಡಿ. ಇನ್ನೊಂದು ಮಾತು. ನಸುಗುನ್ನಿ ಬೀಜದಲ್ಲೂ ಇದೇ ಲೆವೊಡೋಪಾ ಇದೆ. ನೆಂಟರ ಪೈಕಿ ಯಾರಾದರೂ ಪುಡಿ ತಂದುಕೊಟ್ಟೇ ಕೊಡುತ್ತಾರೆ, ನೋಡಿ ಬೇಕಾದರೆ. ಮಾತ್ರೆ ಜೊತೆ ಅದೂ ಸೇರಿದರೆ ಒಟ್ಟು ಡೋಸ್ ಎಷ್ಟಾಯಿತು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಡಾಕ್ಟರನ್ನು ಕೇಳದೆ ಕೊಡಬೇಡಿ.

ಅಡಿಕೆ ಸುಲಿಯುವುದು ಬೇಡ ಅನ್ನಬೇಡಿ. ಕತ್ತಿ ಹತ್ತಿರ ಬೆಳಕು ಚೆನ್ನಾಗಿರಲಿ. ಎಷ್ಟು ಡಬ್ಬ ಆಯ್ತು ಅಂತ ಮಾತ್ರ ಕೇಳಬೇಡಿ.