ಮಾರಿಯೊ ಮುಗಿಯಿತು, ಮುಂದೇನು?

ಪ್ರಶ್ನೆ: ಅಕ್ಕ ಅಮೆರಿಕದಿಂದ ಬರುವಾಗ ತನ್ನ ಹಳೆಯ ನಿಂಟೆಂಡೊ ಡಿಎಸ್ ಲೈಟ್ (ಎರಡು ಪರದೆಯ, ಕೈಯಲ್ಲಿ ಹಿಡಿದು ಆಡುವ ಗೇಮ್ ಮಿಷನ್) ತಂದುಕೊಟ್ಟಳು. ಮಾರಿಯೊ, ಜೆಲ್ಡಾ, ಪೊಕೆಮಾನ್ ಆಡಿ ಮುಗಿಸಿದೆ. ನಿಂಟೆಂಡೊ ಬಿಟ್ಟು ಬೇರೆ ಕಂಪನಿಗಳು ತಂದ, ಜನ ಅಷ್ಟಾಗಿ ಗಮನಿಸದ ಒಳ್ಳೆಯ ಗೇಮ್‌ಗಳು ಯಾವುವು? ಹಳೆಯ ಗೇಮ್ ಕಾರ್ಡ್ ಕೊಳ್ಳುವಾಗ ಏನೇನು ನೋಡಬೇಕು?

ಉತ್ತರ: ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಇದೇ ಪ್ರಶ್ನೆ. ಹಾಗಾಗಿ ಹೆಚ್ಚಿನ ಜಾಗ ಇದಕ್ಕೇ. ಇನ್ನೊಂದಷ್ಟು ದಿನ ಇದನ್ನು ಯಾರೂ ಕೇಳದಿದ್ದರೆ ಸಾಕು.

ಗೇಮ್‌ಗಿಂತ ಮೊದಲು ಚಾರ್ಜರ್. ಅಮೆರಿಕದಲ್ಲಿ ಮಾರಿದ ಡಿಎಸ್ ಲೈಟ್ ಅಡಾಪ್ಟರ್ ಮೇಲೆ 120 ವೋಲ್ಟ್ ಎಂದು ಸ್ಪಷ್ಟವಾಗಿ ಬರೆದಿರುತ್ತದೆ. ಪಿನ್ ಬದಲಿಸುವ ಪ್ಲಗ್ ಸಿಕ್ಕಿಸಿದ ಮಾತ್ರಕ್ಕೆ ವೋಲ್ಟೇಜ್ ಬದಲಾಗುವುದಿಲ್ಲ. ನಮ್ಮ 230 ವೋಲ್ಟಿಗೆ ಹಾಕಿದರೆ ಅಡಾಪ್ಟರ್ ಸುಡುತ್ತದೆ. ಡಿಎಸ್ ಲೈಟ್‌ನ ಪಿನ್ ಇರುವ ಯುಎಸ್‌ಬಿ ಕೇಬಲ್ ತರಿಸಿ, 5 ವೋಲ್ಟಿನ ಸಾದಾ ಮೊಬೈಲ್ ಚಾರ್ಜರಿಗೆ ಹಾಕಿ. ಆಮೇಲೆ ಬಂದ ಮಾದರಿಗಳಾದ ಡಿಎಸ್‌ಐ, 3ಡಿಎಸ್‌ಗಳ ಕೇಬಲ್ ಇದಕ್ಕೆ ಕೂರುವುದಿಲ್ಲ. ಒತ್ತಿ ಕೂರಿಸಲು ಹೋಗಬೇಡಿ.

ಇನ್ನು ಗೇಮ್. ಮೊದಲು ಕೊಳ್ಳಬೇಕಾದ್ದು ಕ್ಯಾಪ್‌ಕಾಮ್‌ನ ಘೋಸ್ಟ್ ಟ್ರಿಕ್. ಅಮೆರಿಕದಲ್ಲಿ ಬಂದದ್ದು 2011ರ ಜನವರಿಯಲ್ಲಿ. ಮಾರ್ಚ್‌ನಲ್ಲಿ 3ಡಿಎಸ್ ಬಂತು, ಹಳೆಯ ಮಿಷನ್ ಕಡೆ ತಿರುಗಿ ನೋಡುವವರೇ ಇಲ್ಲವಾದರು. ಈ ಗೇಮ್ ಮೂಲೆಗೆ ಬಿದ್ದದ್ದಕ್ಕೆ ಅದು ದೊಡ್ಡ ಕಾರಣ. ಕಥಾನಾಯಕ ಮೊದಲ ನೋಟದಲ್ಲೇ ಸತ್ತು ಬಿದ್ದಿರುತ್ತಾನೆ. ದೆವ್ವವಾಗಿ ದೀಪ, ಸೈಕಲ್, ಗೇಟು ಹೀಗೆ ವಸ್ತುವಿನಿಂದ ವಸ್ತುವಿಗೆ ಹಾರಬೇಕು. ಇನ್ನೊಬ್ಬರು ಸಾಯುವ ನಾಲ್ಕು ನಿಮಿಷ ಹಿಂದಕ್ಕೆ ಹೋಗಿ ಆ ಸಾವನ್ನು ತಪ್ಪಿಸಬೇಕು. ಕಾಲ ನಿಂತಾಗ ಮಾತ್ರ ಹಾರಲು ಸಾಧ್ಯ, ಕಾಲ ಓಡುವಾಗ ಮಾತ್ರ ವಸ್ತುವನ್ನು ಅಲುಗಿಸಲು ಸಾಧ್ಯ. ಹೊಸಬರು ಎಡವುವುದು ಇಲ್ಲೇ: ಕಂಡದ್ದನ್ನೆಲ್ಲ ಕೂಡಲೇ ಅಲುಗಿಸಿಬಿಡುತ್ತಾರೆ. ಮೊದಲ ಸುತ್ತಿನಲ್ಲಿ ಸುಮ್ಮನೆ ನೋಡಿ. ಯಾವ ವಸ್ತು ಯಾವ ಕ್ಷಣದಲ್ಲಿ ಇನ್ನೊಂದರ ಹತ್ತಿರ ಬರುತ್ತದೆ ಎಂಬುದೇ ಉತ್ತರ. ಸೋತರೆ ಆ ನಾಲ್ಕು ನಿಮಿಷ ಮತ್ತೆ ಸಿಗುತ್ತವೆ, ಹೆದರಬೇಕಿಲ್ಲ. ಕಥೆಯ ಬಗ್ಗೆ ಮಾತ್ರ ಎಲ್ಲೂ ಒಂದಕ್ಷರವನ್ನೂ ಓದಬೇಡಿ. ಈ ಗೇಮ್ 2023ರಲ್ಲಿ ನಿಂಟೆಂಡೊದ ಸ್ವಿಚ್ ಮಿಷನ್ ಮತ್ತು ಕಂಪ್ಯೂಟರಿಗೂ ಬಂದಿದೆ, ಕಾರ್ಡಿಗೆ ಸಿಕ್ಕಾಪಟ್ಟೆ ಬೆಲೆ ಹೇಳಿದರೆ ಅದನ್ನೇ ಕೊಳ್ಳಿ.

ಎರಡನೆಯದು ಅಟ್ಲಸ್‌ನ ರೇಡಿಯಂಟ್ ಹಿಸ್ಟೋರಿಯಾ. ಇದೂ 2011ರ ಫೆಬ್ರವರಿಯಲ್ಲಿ ಬಂದು ಅದೇ ಗುಂಡಿಗೆ ಬಿತ್ತು. ಹೊರನೋಟಕ್ಕೆ ಇನ್ನೊಂದು ಜಪಾನೀ ಆರ್‌ಪಿಜಿ (ಪಾತ್ರಗಳನ್ನು ಬೆಳೆಸುತ್ತ ಕಥೆ ಸಾಗಿಸುವ ಗೇಮ್), ಹೊಡೆದಾಟ ಶುರುವಾದ ಮೇಲೆ ಬೇರೆಯೇ. ಶತ್ರುಗಳು ಚೌಕಾಬಾರದ ಹಾಗೆ ಮನೆಗಳಲ್ಲಿ ನಿಂತಿರುತ್ತಾರೆ, ಮೂರು ಸಾಲಿಗೆ ಮೂರರಂತೆ ಒಂಬತ್ತು ಮನೆ. ನಾಯಕ ಸ್ಟಾಕ್‌ಗೆ ತಳ್ಳುವ ಹೊಡೆತಗಳಿವೆ: ಹಿಂದಕ್ಕೆ, ಎಡಕ್ಕೆ, ಬಲಕ್ಕೆ. ಮುಂದಿನ ಮನೆಯವನನ್ನು ಹಿಂದಿನವನ ಮೇಲೆ ತಳ್ಳಿದರೆ ಇಬ್ಬರೂ ಒಂದೇ ಮನೆಯಲ್ಲಿ. ಪಕ್ಕದವನನ್ನೂ ಅಲ್ಲಿಗೇ ತಳ್ಳಿದರೆ ಮೂವರು. ಆಮೇಲಿನ ಪ್ರತಿ ಏಟೂ ಮೂವರಿಗೂ ಬೀಳುತ್ತದೆ.

"ಗುಡ್ಡೆ ಹಾಕಿದೆ, ಆದರೆ ಚದುರಿಹೋದರು" ಎಂದು ಬರೆದವರಿಗೆ ಉತ್ತರ ಇಲ್ಲಿದೆ. ನಡುವೆ ಶತ್ರುವಿನ ಸರದಿ ಬಂದರೆ ಗುಡ್ಡೆ ಒಡೆಯುತ್ತದೆ. ಅದಕ್ಕೇ ಸರದಿ ಬದಲಿಸುವ ಸೌಲಭ್ಯ ಇರುವುದು. ಪರದೆಯಲ್ಲಿ ಸರದಿಯ ಸಾಲು ಕಾಣುತ್ತದೆ. ನಿಮ್ಮವರ ಸರದಿಯನ್ನು ಶತ್ರುವಿಗೆ ಬಿಟ್ಟುಕೊಟ್ಟು, ನಿಮ್ಮ ಮೂವರೂ ಒಬ್ಬರ ಹಿಂದೊಬ್ಬರು ಬರುವಂತೆ ಜೋಡಿಸಿಕೊಳ್ಳಿ. ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಸರದಿ ಬಿಟ್ಟುಕೊಟ್ಟವನಿಗೆ ಮತ್ತೆ ತನ್ನ ಸರದಿ ಬರುವ ತನಕ ಏಟು ಜೋರಾಗಿ ತಾಗುತ್ತದೆ. ಹಾಗಾಗಿ ಪ್ರಾಣ ಕಡಿಮೆ ಇರುವವನ ಸರದಿಯನ್ನು ಯಾವತ್ತೂ ಬಿಡಬೇಡಿ. ಕೆಲವು ಭಾರೀ ಶತ್ರುಗಳು ಎಷ್ಟು ತಳ್ಳಿದರೂ ಜರುಗುವುದಿಲ್ಲ. ಅಂಥವರ ಮುಂದೆ ಈ ಲೆಕ್ಕ ನಡೆಯದು, ಪ್ರಾಣ ತುಂಬುವ ಮದ್ದು ಜಾಸ್ತಿ ಇಟ್ಟುಕೊಂಡು ಹೋಗಿ.

ಮೂರನೆಯದು 999 ಎಂಬ ಹೆಸರಿನದು, ಚುನ್‌ಸಾಫ್ಟ್ ಮಾಡಿದ್ದು, ಅಮೆರಿಕದಲ್ಲಿ 2010ರ ನವೆಂಬರ್‌ನಲ್ಲಿ ಆಕ್ಸಿಸ್ ತಂದದ್ದು. ಅಪಹರಣಕ್ಕೊಳಗಾದ ಒಂಬತ್ತು ಜನ, ಮಣಿಕಟ್ಟಿಗೆ ಗಡಿಯಾರದಂತೆ ಕಟ್ಟಿದ ಅಂಕಿಯ ಪಟ್ಟಿ, ಅಂಕಿ ಬರೆದ ಬಾಗಿಲುಗಳು. ಒಂದು ಬಾಗಿಲಲ್ಲಿ ಮೂವರಿಂದ ಐವರು ಮಾತ್ರ ಹೋಗಬಹುದು. ಅವರ ಅಂಕಿಗಳನ್ನು ಕೂಡಿ, ಬಂದ ಮೊತ್ತದ ಅಂಕಿಗಳನ್ನು ಮತ್ತೆ ಕೂಡಿ, ಒಂದೇ ಅಂಕಿಗೆ ಇಳಿಸಿದಾಗ ಬಾಗಿಲಿನ ಅಂಕಿ ಬರಬೇಕು. 3, 4, 7 ಸೇರಿದರೆ 14, ಅದು 5. ಐದನೇ ಬಾಗಿಲು ತೆರೆಯುತ್ತದೆ. ಈ ಲೆಕ್ಕ ಕೈಗೆ ಬಂದರೆ ಯಾರು ಯಾರನ್ನು ಯಾಕೆ ಬಿಟ್ಟುಹೋಗುತ್ತಾರೆ ಎಂದು ಮುಂಚೆಯೇ ಊಹಿಸಬಹುದು.

ಇದಕ್ಕೆ ಆರು ಅಂತ್ಯಗಳಿವೆ. ಒಂದು ಅಂತ್ಯ ನೋಡಿ "ಇಷ್ಟೇನಾ" ಎಂದು ಕಾರ್ಡ್ ಮಾರುವವರಿಗೆ ಏನು ಹೇಳುವುದು? ನಿಜವಾದ ಅಂತ್ಯ ಬೇಕಾದರೆ ಅದಕ್ಕೆ ಮುಂಚೆ ಇನ್ನೊಂದು ನಿರ್ದಿಷ್ಟ ಅಂತ್ಯವನ್ನು ನೋಡಲೇಬೇಕು, ಇಲ್ಲದಿದ್ದರೆ ಕಥೆ ಅರ್ಧಕ್ಕೆ ನಿಲ್ಲುತ್ತದೆ. ಡಿಎಸ್‌ನಲ್ಲಿ ಪ್ರತಿ ಸಲವೂ ಮೊದಲಿನಿಂದ ಆಡಬೇಕು. ಓದಿದ ಮಾತುಗಳನ್ನು ಓಡಿಸಬಹುದು, ಒಗಟುಗಳನ್ನು ಮತ್ತೆ ಬಿಡಿಸಬೇಕು. ಯಾವ ಬಾಗಿಲು ಆರಿಸಿದಿರಿ ಎಂದು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ನಂತರ ಬಂದ ಮರುಮುದ್ರಣಗಳಲ್ಲಿ ಈ ಕಷ್ಟ ಇಲ್ಲ, ಆದರೆ ಎರಡು ಪರದೆಯೂ ಇಲ್ಲ. ಮೇಲಿನ ಪರದೆ ಯಾಕೆ, ಕೆಳಗಿನದು ಯಾಕೆ ಎಂಬುದಕ್ಕೆ ಈ ಕಥೆಯಲ್ಲಿ ಅರ್ಥವಿದೆ. ಇಷ್ಟಕ್ಕಿಂತ ಹೆಚ್ಚು ಹೇಳಲಾರೆ. ಮಕ್ಕಳ ಕೈಗೆ ಮಾತ್ರ ಬೇಡ: ರಕ್ತ ಇದೆ, ಅಮೆರಿಕದ ರೇಟಿಂಗ್ 17 ವರ್ಷ ಮೇಲ್ಪಟ್ಟವರಿಗೆ.

ತಾಳ್ಮೆ ಇರುವವರಿಗೆ 2007ರ ಎಟ್ರಿಯನ್ ಒಡಿಸ್ಸಿ. ಗುಹೆಯ ನಕ್ಷೆಯನ್ನು ಕೆಳಗಿನ ಪರದೆಯಲ್ಲಿ ನೀವೇ ಡಿಎಸ್‌ನ ಕಡ್ಡಿಯಿಂದ (ಸ್ಟೈಲಸ್) ಬಿಡಿಸಬೇಕು. ಗೋಡೆ ಎಳೆಯಿರಿ, ಬಾಗಿಲಿಗೆ ಗುರುತು ಹಾಕಿ. "ಆಮೇಲೆ ಬಿಡಿಸ್ತೀನಿ" ಎಂದವರು ಮೂರನೇ ಮಹಡಿಯಲ್ಲಿ ದಾರಿ ತಪ್ಪುತ್ತಾರೆ. ನಕ್ಷೆಯಲ್ಲಿ ಉರಿಯುವ ಉಂಡೆಯಂತೆ ಕಾಣುವ ದೊಡ್ಡ ಶತ್ರುಗಳು ನೀವು ಒಂದು ಹೆಜ್ಜೆ ಇಟ್ಟಾಗ ತಾವೂ ಒಂದು ಹೆಜ್ಜೆ ಇಡುತ್ತವೆ. ಆರಂಭದಲ್ಲಿ ಅವುಗಳೊಂದಿಗೆ ಹೊಡೆದಾಡುವುದು ಧೈರ್ಯವಲ್ಲ, ಮೂರ್ಖತನ. ಎಣಿಸಿ, ಸುತ್ತುಹಾಕಿ ದಾಟಿ. ಐವರ ತಂಡಕ್ಕೆ ಮುಂದೆ ಪ್ರೊಟೆಕ್ಟರ್ (ಏಟು ತಡೆಯುವವ) ಮತ್ತು ಲ್ಯಾಂಡ್ಸ್‌ಕ್ನೆಕ್ಟ್ (ಕತ್ತಿಯವ), ಹಿಂದೆ ಮೆಡಿಕ್ (ಗುಣಪಡಿಸುವವ), ಆಲ್ಕೆಮಿಸ್ಟ್ (ಬೆಂಕಿ, ಹಿಮ ಎಸೆಯುವವ), ಸರ್ವೈವಲಿಸ್ಟ್ (ಬಿಲ್ಲುಗಾರ) ಇಟ್ಟುಕೊಂಡರೆ ತಪ್ಪಿಲ್ಲ. ಊರಿಗೆ ಕ್ಷಣದಲ್ಲಿ ಮರಳಿಸುವ ವಾರ್ಪ್ ವೈರ್ ಇಲ್ಲದೆ ಒಳಗೆ ಕಾಲಿಡಬೇಡಿ. ಮೊದಲು ಅದನ್ನು ಕೊಳ್ಳಿ, ಉಳಿದ ಹಣಕ್ಕೆ ಕತ್ತಿ.

ದಿನಕ್ಕೆ ಹದಿನೈದು ನಿಮಿಷ ಮಾತ್ರ ಸಿಗುವವರಿಗೆ ಕ್ಲ್ಯಾಶ್ ಆಫ್ ಹೀರೋಸ್ (ಯೂಬಿಸಾಫ್ಟ್, 2009). ಒಂದೇ ಬಣ್ಣದ ಮೂವರು ಸೈನಿಕರು ಉದ್ದಕ್ಕೆ ನಿಂತರೆ ದಾಳಿ, ಅಡ್ಡಕ್ಕೆ ನಿಂತರೆ ಗೋಡೆ. ಹೊಸಬರು ದಾಳಿಯನ್ನೇ ಕಟ್ಟಿ, ಗೋಡೆ ಮರೆತು ಸೋಲುತ್ತಾರೆ. ಹಳೆಯ ಟಿವಿ ಗೇಮ್ ಆಡಿ ಬೆಳೆದವರಿಗೆ ರೆಟ್ರೊ ಗೇಮ್ ಚಾಲೆಂಜ್. ಒಂದು ಕಾರ್ಡಿನಲ್ಲಿ ಎಂಟು ಸುಳ್ಳು "ಹಳೆಯ" ಗೇಮ್‌ಗಳು. ಸಿಕ್ಕಿಕೊಂಡರೆ ಗೇಮ್ ಒಳಗೇ ಇರುವ ಪತ್ರಿಕೆಗಳನ್ನು ಓದಿ, ಉಪಾಯ ಅಲ್ಲೇ ಇರುತ್ತದೆ.

ಎಲ್ಲ ಪಟ್ಟಿಯಲ್ಲೂ ಕಾಣುವ ಪತ್ತೇದಾರಿ ಗೇಮ್ ಹೋಟೆಲ್ ಡಸ್ಕ್ ಒಳ್ಳೆಯದೇ. ಆದರೆ ಹೊರತಂದದ್ದು ನಿಂಟೆಂಡೊ, ನಿಮ್ಮ ಪ್ರಶ್ನೆಗೆ ಅದು ಉತ್ತರವಲ್ಲ. ಓಡುತ್ತ ಗುಂಡು ಹಾರಿಸುವ ಕಾಂಟ್ರಾ 4 ಕೊಳ್ಳಿ ಎಂದು ನಾನು ಹೇಳುವುದಿಲ್ಲ. ಎರಡು ಪರದೆಯ ನಡುವಿನ ಖಾಲಿ ಪಟ್ಟಿಯಲ್ಲಿ ಗುಂಡುಗಳು ಮಾಯವಾಗಿ, ಆಮೇಲೆ ತಲೆಯ ಮೇಲೆ ಬೀಳುತ್ತವೆ.

ಈಗ ಕಾರ್ಡ್. ನಕಲಿ ಕಾರ್ಡುಗಳೇ ತುಂಬಿವೆ. ಮುಂದಿನ ಲೇಬಲ್ಲಿನ ಕೆಳತುದಿಯಲ್ಲಿ ಸಣ್ಣಕ್ಷರದ ಕೋಡ್ ಇರುತ್ತದೆ, ಅದರ ನಡುವೆ ನಾಲ್ಕು ಅಕ್ಷರ. ಕಾರ್ಡ್ ತಿರುಗಿಸಿ, ಬೆಳಕಿಗೆ ಓರೆಯಾಗಿ ಹಿಡಿಯಿರಿ. ಹಿಂದೆ ಮೂಡಿಸಿರುವ ಸಾಲು ಅದೇ ನಾಲ್ಕು ಅಕ್ಷರಗಳಿಂದ ಶುರುವಾಗಬೇಕು. ನಾಲ್ಕನೆಯ ಅಕ್ಷರ ಸಾಮಾನ್ಯವಾಗಿ ದೇಶ ಹೇಳುತ್ತದೆ: ಇ (E) ಅಮೆರಿಕ, ಪಿ (P) ಯೂರೋಪ್, ಜೆ (J) ಜಪಾನ್. ಇನ್ನೊಂದು ಗುಟ್ಟು: 999 ಮತ್ತು ರೇಡಿಯಂಟ್ ಹಿಸ್ಟೋರಿಯಾ ಡಿಎಸ್‌ಗೆ ಯೂರೋಪಿನಲ್ಲಿ ಬರಲೇ ಇಲ್ಲ. ಯೂರೋಪಿನ ವಯಸ್ಸಿನ ಗುರುತು ಇರುವ ಡಬ್ಬಿ ತೋರಿಸಿ ಇವನ್ನು ಮಾರುವವನಿಗೆ ಕೈ ಮುಗಿದು ಬಂದುಬಿಡಿ. ದುಡ್ಡು ಕೊಡುವ ಮುಂಚೆ ಸೇವ್ ಮಾಡಿ, ಆಫ್ ಮಾಡಿ, ಮತ್ತೆ ಹಾಕಿ ನೋಡಿ. ನಕಲಿಗಳು ಹೆಚ್ಚಾಗಿ ಸಿಕ್ಕಿಬೀಳುವುದು ಅಲ್ಲೇ.

ಪ್ರಶ್ನೆ: ಡಿಎಸ್ ಕಾರ್ಡಿನ ಒಳಗಿನ ಬ್ಯಾಟರಿ ಬದಲಿಸಬೇಕು, ಇಲ್ಲದಿದ್ದರೆ ಸೇವ್ ಹೋಗುತ್ತದೆ ಎಂದು ಅಂಗಡಿಯವರು ಹಣ ಕೇಳುತ್ತಿದ್ದಾರೆ.

ಉತ್ತರ: ಡಿಎಸ್ ಕಾರ್ಡಿನಲ್ಲಿ ಸೇವ್‌ಗೆ ಬ್ಯಾಟರಿಯೇ ಇಲ್ಲ. ಆ ಅಂಗಡಿ ಬಿಡಿ. ಡಿಎಸ್‌ಗಿಂತ ಮುಂಚಿನ ಗೇಮ್‌ಬಾಯ್ ಅಡ್ವಾನ್ಸ್‌ನ ಕೆಲವು ಕಾರ್ಟ್ರಿಜ್‌ಗಳಲ್ಲಿ ಇದೆ, ಅದು ಬೇರೆ ಮಾತು.

ಪ್ರಶ್ನೆ: ಕಾರ್ಡ್ ಓದದಿದ್ದರೆ ಊದಬೇಕೇ?

ಉತ್ತರ: ಊದಿದರೆ ಎಂಜಲಿನ ತೇವ ಹೋಗಿ ಲೋಹದ ಪಿನ್‌ಗಳಿಗೆ ಹತ್ತುತ್ತದೆ. ಮೊಬೈಲ್ ರಿಪೇರಿ ಅಂಗಡಿಯಲ್ಲಿ 99 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್ ಸಿಗುತ್ತದೆ. ಹತ್ತಿಕಡ್ಡಿಗೆ ಒಂದೆರಡು ಹನಿ, ಪಿನ್‌ಗಳ ಉದ್ದಕ್ಕೆ ಒರೆಸಿ, ಐದು ನಿಮಿಷ ಒಣಗಲು ಬಿಡಿ. ಪೆಟ್ರೋಲ್ ಎಂದು ಬರೆದವರೇ, ದಯವಿಟ್ಟು ಬೇಡ.

ಪ್ರಶ್ನೆ: 3ಡಿಎಸ್‌ನಲ್ಲಿ ಡಿಎಸ್ ಗೇಮ್ ಮಬ್ಬಾಗಿ ಕಾಣುತ್ತದೆ.

ಉತ್ತರ: ಡಿಎಸ್ ಚಿತ್ರ 256x192. ಅದನ್ನು 240 ಸಾಲಿನ ಪರದೆಗೆ ಹಿಗ್ಗಿಸಿದರೆ ಮಬ್ಬಾಗದೆ ಇನ್ನೇನು? ಸ್ಟಾರ್ಟ್ ಅಥವಾ ಸೆಲೆಕ್ಟ್ ಒತ್ತಿ ಹಿಡಿದೇ ಗೇಮ್ ತೆರೆಯಿರಿ. ಚಿತ್ರ ಚಿಕ್ಕದಾಗುತ್ತದೆ, ಚೂಪಾಗುತ್ತದೆ.

ಪ್ರಶ್ನೆ: ಸಾವಿರ ಗೇಮ್ ಒಂದೇ ಕಾರ್ಡಿನಲ್ಲಿ ಸಿಗುತ್ತದಂತೆ?

ಉತ್ತರ: ಅವು ಕದ್ದು ನಕಲು ಮಾಡಿದ ಗೇಮ್‌ಗಳು. ಇಂಥ ಪ್ರಶ್ನೆ ಈ ಅಂಕಣಕ್ಕೆ ಕಳಿಸಬೇಡಿ.

ಪ್ರಶ್ನೆ: ಜಪಾನಿನ ಕಾರ್ಡ್ ನನ್ನ ಡಿಎಸ್ ಲೈಟ್‌ನಲ್ಲಿ ನಡೆಯುತ್ತದೆಯೇ?

ಉತ್ತರ: ನಡೆಯುತ್ತದೆ. ಓದಲು ಬರಬೇಕು, ಅಷ್ಟೇ.

ಪ್ರಶ್ನೆ: ಬ್ಯಾಟರಿ ಉಬ್ಬಿ ಹಿಂಬದಿಯ ಮುಚ್ಚಳ ಕೂರುತ್ತಿಲ್ಲ. ಟೇಪ್ ಸುತ್ತಿ ಆಡಬಹುದೇ?

ಉತ್ತರ: ಬೇಡ. ಮುಚ್ಚಳಕ್ಕೆ ಒಂದೇ ಸ್ಕ್ರೂ, ಸಾದಾ ಪ್ಲಸ್ ಡ್ರೈವರ್ ಸಾಕು. ಬ್ಯಾಟರಿಯನ್ನು ಉಗುರಿನಿಂದ ಎಬ್ಬಿಸಿ, ಚೂಪಾದ್ದೇನನ್ನೂ ತಾಗಿಸಬೇಡಿ. ಕಸದ ಬುಟ್ಟಿಗೂ ಹಾಕಬೇಡಿ, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ. ಹೊಸದು ಕೊಳ್ಳುವಾಗ ಯುಎಸ್‌ಜಿ-003 ಎಂಬ ಸಂಖ್ಯೆ ಕೇಳಿ. ಮೂಲ ಬ್ಯಾಟರಿ 1000 ಎಂಎಎಚ್. ಅದೇ ಅಳತೆಯ ಬ್ಯಾಟರಿಯ ಮೇಲೆ 2000 ಎಂದು ಬರೆದಿದ್ದರೆ ನಂಬಬೇಡಿ, ಅದನ್ನು ಅಲ್ಲೇ ಇಟ್ಟು ಬನ್ನಿ.